ಕೊನೆಯ ನುಡಿಯಲ್ಲಿ ಊರಿನ ಹೆಸರು

ಈ ಸಂಚಿಕೆಗಾಗಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಓದುಗರನ್ನು ಒಂದೇ ಪ್ರಶ್ನೆ ಕೇಳಿದ್ದೆವು: ನಿಮ್ಮ ಮೆಚ್ಚಿನ ಹಾಡು ಬರೆದವರು ಯಾರು? ಬಂದ ಉತ್ತರಗಳಲ್ಲಿ ಹಾಡುಗಳಿದ್ದವು, ಹಾಡಿದವರಿದ್ದರು, ಪರದೆಯ ಮೇಲೆ ತುಟಿ ಆಡಿಸಿದ ನಾಯಕರೂ ಇದ್ದರು. ಬರೆದವರೇ ಕಡಿಮೆ. ‘ರಾಜಕುಮಾರರ ಹಾಡು’ ಎಂದು ಪ್ರೀತಿಯಿಂದ ಬರೆದವರಿಗೆ ಅದು ಚಿ. ಉದಯಶಂಕರ್ ಅವರದೋ ಆರ್.ಎನ್. ಜಯಗೋಪಾಲ್ ಅವರದೋ ಎಂಬುದು ದೊಡ್ಡ ಸಂಗತಿಯಾಗಿರಲಿಲ್ಲ. ಶರೀಫರ ವಿಷಯದಲ್ಲಿ ಮಾತ್ರ ಒಬ್ಬರೂ ತಪ್ಪಲಿಲ್ಲ.

ತಪ್ಪುವುದಾದರೂ ಹೇಗೆ? ವಿಳಾಸ ಹಾಡಿನೊಳಗೇ ಇದೆಯಲ್ಲ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರು ತಮ್ಮ ಪದಗಳಿಗೆ ಊರ ದೇವರ ಅಂಕಿತ ಹಾಕಿದರು. ಮೊಹರಮ್ಮಿಗೆ ಕಟ್ಟಿದ ರಿವಾಯತ್ ಪದಗಳಲ್ಲೂ ಶಿಶುನಾಳ ಬಂದು ಹೋಗುತ್ತದೆ. ನೂರು ವರ್ಷ ಕಳೆದ ಮೇಲೆ, 1990ರಲ್ಲಿ, ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ತೆರೆಗೆ ಬಂತು. ಸಿ. ಅಶ್ವಥ್ ಅವರ ದನಿ ಕ್ಯಾಸೆಟ್ಟುಗಳಲ್ಲಿ ಮನೆಮನೆ ಹೊಕ್ಕಿತು. ಇವು ಅಶ್ವಥ್ ಅವರ ಹಾಡುಗಳು ಎಂದುಕೊಂಡೇ ಒಂದು ತಲೆಮಾರು ಬೆಳೆಯಿತು. ಆದರೂ ಕೊನೆಯ ನುಡಿ ಬಂದೊಡನೆ ಶಿಶುನಾಳ ಬಂದೇ ಬರುತ್ತದೆ. ಅದನ್ನು ಬಿಟ್ಟು ಹಾಡಲು ತಾಳವೇ ಬಿಡುವುದಿಲ್ಲ.

ಇದು ಶರೀಫರೊಬ್ಬರ ಜಾಣತನವಲ್ಲ, ಈ ನೆಲದ ರೂಢಿ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಕನಕದಾಸರ ಕೀರ್ತನೆಗಳಲ್ಲಿ ಕೂತಿದೆ. ಆ ದಾರಿಯ ಬಸ್ಸು ಹತ್ತದವರೂ ಆ ಹೆಸರು ಬಲ್ಲರು. ರಾಣೆಬೆನ್ನೂರು ತಾಲ್ಲೂಕಿನ ತುಂಗಭದ್ರೆಯ ದಂಡೆಯಲ್ಲಿ ಚೌಡದಾನಪುರವಿದೆ. ಅಲ್ಲಿಯ ಅಂಬಿಗರ ಚೌಡಯ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋದವನು. ಉಳಿದ ವಚನಕಾರರು ಬಹುಪಾಲು ಇಷ್ಟದೈವದ ಹೆಸರಿನಲ್ಲಿ ಮಾತು ಮುಗಿಸಿದರೆ, ಇವನು ತನ್ನ ಕಸುಬು, ತನ್ನ ಹೆಸರು ಎರಡನ್ನೂ ಒತ್ತಿ ಹೇಳಿದ. ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುವವನೊಬ್ಬನಿಗೆ ಅಷ್ಟು ಎದೆಗಾರಿಕೆ ಇತ್ತು.

ಹೆಸರು ಉಳಿಯಿತು, ಸರಿ. ಮಾತು ಯಾಕೆ ಉಳಿಯಿತು? ಸರಳವಾಗಿದೆ, ಅದಕ್ಕೇ ಉಳಿಯಿತು ಎಂಬ ಮಾತೂ ಬಹಳ ಪತ್ರಗಳಲ್ಲಿತ್ತು. ನನಗೆ ಅದು ಅರ್ಧ ಉತ್ತರವೆನಿಸುತ್ತದೆ. ಸರಳವಾದದ್ದು ಎಷ್ಟೋ ಮರೆತುಹೋಗಿದೆ. ಈ ಭಾಗದ ಹಾಡುಗಾರರು ಪದಗಳನ್ನು ಅಡುಗೆಮನೆ, ಹಿತ್ತಲು, ಹೊಲದಿಂದ ತಂದರು. ಅರ್ಥವನ್ನು ಮಾತ್ರ ತಕ್ಷಣ ಕೊಡಲಿಲ್ಲ. ಕನಕರ ಮುಂಡಿಗೆಗಳನ್ನು ನೋಡಿ: ಪದಪದವೂ ಗೊತ್ತಿದ್ದದ್ದೇ, ಕೂಡಿಸಿದರೆ ಬಿಡಿಸಲಾಗದ ಗಂಟು. ಅಬಲೂರಿನ ಸರ್ವಜ್ಞನ ತ್ರಿಪದಿಗಳಲ್ಲಿ ಒಗಟಿಗೇ ಒಂದು ಪಾಲು ಮೀಸಲು. ಶರೀಫರಲ್ಲಿ ಚಿಕ್ಕ ಪ್ರಾಣಿ ದೊಡ್ಡ ಪ್ರಾಣಿಯನ್ನು ನುಂಗುತ್ತದೆ, ಮನೆಯ ಮಾಳಿಗೆ ಸೋರುತ್ತದೆ, ನೂಲು ತೆಗೆಯುವ ಗಿರಣಿ ದೇಹವಾಗುತ್ತದೆ. ಮಕ್ಕಳು ನಕ್ಕು ಹಾಡುತ್ತಾರೆ. ಮಣ್ಣಿನ ಮಾಳಿಗೆ ಸೋರುವುದೆಂದರೇನು ಎಂದು ಬಲ್ಲವರಿಗೆ ಅದು ಮೊದಲು ಮನೆಯ ಕಷ್ಟ, ಆಮೇಲೆ ತತ್ವ. ಅಜ್ಜಂದಿರು ಮೊಣಕಾಲು ಹಿಡಿದುಕೊಂಡು ಅದನ್ನೇ ಹಾಡುವಾಗ ಸೋರುವುದು ಇನ್ನೇನೋ. ಹಾಡಿನಲ್ಲಿ ಒಂದಕ್ಷರ ಬದಲಾಗಿಲ್ಲ. ಅರ್ಥವನ್ನು ಬಾಕಿ ಇಟ್ಟುಕೊಂಡ ಮಾತು ವಸೂಲಿಗೆ ಮತ್ತೆ ಮತ್ತೆ ಬರುತ್ತದೆ.

(ಇಲ್ಲಿ ಬ್ಯಾಡಗಿ ಮೆಣಸಿನಕಾಯಿಯನ್ನು ತಂದು, ಖಾರ ಕಡಿಮೆ ಬಣ್ಣ ಹೆಚ್ಚು ಎಂದು ಹೋಲಿಸಬಹುದಿತ್ತು. ನಮ್ಮ ಜಿಲ್ಲೆಯ ಪ್ರತಿ ಭಾಷಣದಲ್ಲೂ ಅದು ಬರುವುದರಿಂದ ಕೈಬಿಟ್ಟಿದ್ದೇನೆ.)

ಇನ್ನೊಂದು ಗುಟ್ಟು ಬಾಯಿಗೆ ಸಂಬಂಧಿಸಿದ್ದು. ನಮ್ಮ ಕಡೆಯ ಆಡುಮಾತು ಸ್ವರವನ್ನು ಎಳೆದು ಬಿಡುತ್ತದೆ: ಬಂದೈತಿ, ಹೋಗೇತಿ, ಹೇಳವ್ವಾ. ಭಜನೆಯಲ್ಲಿ ಮುಂದಾಳು ಬಿಟ್ಟ ಸಾಲನ್ನು ಹಿಮ್ಮೇಳ ಎತ್ತಿಕೊಳ್ಳಲು ಆ ಕೊನೆಯ ಸ್ವರವೇ ಜಾಗ. ಸಾಲಿನ ಎರಡನೆಯ ಅಕ್ಷರದ ಪ್ರಾಸ ಮುಂದಿನ ಸಾಲನ್ನು ತಾನೇ ಎಳೆದು ತರುತ್ತದೆ. ಓದು ಬರಹ ಇಲ್ಲದವರ ನಾಲಿಗೆಯ ಮೇಲೂ ನೂರಾರು ಪದ ನಿಂತದ್ದು ಹೀಗೆ.

ಸಿನಿಮಾ ಹಾಡಿನ ಕಷ್ಟ ಬೇರೆ. ಅಲ್ಲಿ ಬಹುತೇಕ ರಾಗ ಮೊದಲು, ಮಾತು ಆಮೇಲೆ. ಹೊಲಿದಿಟ್ಟ ಅಂಗಿಗೆ ಮೈ ಹೊಂದಿಸಿಕೊಳ್ಳುವ ಕೆಲಸ. ಅಂಕಿತಕ್ಕೆ ಎಡೆಯಿಲ್ಲ. ಹಾಗಿದ್ದೂ ದೊಡ್ಡರಂಗೇಗೌಡರು 1978ರ ‘ಪರಸಂಗದ ಗೆಂಡೆತಿಮ್ಮ’ನಲ್ಲಿ ಹಳ್ಳಿಯ ನುಡಿಯನ್ನು ರಾಜನ್-ನಾಗೇಂದ್ರರ ರಾಗದೊಳಗೆ ಕೂಡಿಸಿದರು. ಅವರೇ 2023ರ ಜನವರಿಯಲ್ಲಿ ಹಾವೇರಿಯಲ್ಲಿ ನಡೆದ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಸಿನಿಮಾಕ್ಕೆ ಬರೆದವರು ಸಾಹಿತಿಗಳೇ ಎಂದು ಮೂಗು ಮುರಿಯುವವರು ಯಾವಾಗಲೂ ಇದ್ದಾರೆ. ಕನಕ, ಶರೀಫರ ಜಿಲ್ಲೆಯಲ್ಲಿ ಆ ಪ್ರಶ್ನೆ ಕೇಳುವುದೇ ಚೋದ್ಯ.

ಹಾನಗಲ್ ತಾಲ್ಲೂಕಿನ ತಿಳವಳ್ಳಿಯಲ್ಲಿ ಬೆಳೆದ ಯೋಗರಾಜ್ ಭಟ್ಟರನ್ನೂ ಇದೇ ಸಾಲಿಗೆ ಸೇರಿಸುತ್ತೇನೆ. ಉಡಾಫೆಯ ಮಾತಿನಲ್ಲಿ ವೈರಾಗ್ಯ ಅಡಗಿಸುವ ಅವರ ಕಸುಬು ನಮ್ಮ ಕಟ್ಟೆಯ ಮಾತಿನದೇ. ಎಲ್ಲ ಹಾಡೂ ಹಾಗಿಲ್ಲ. ಕೆಲವು ಬರೀ ಉಡಾಫೆ. ಅವರ ‘ಮುಂಗಾರು ಮಳೆ’ಯಲ್ಲೇ ಜಯಂತ ಕಾಯ್ಕಿಣಿ ಎಂಬ ಕಥೆಗಾರ ಮನೆಮಾತಾದದ್ದು.

ಹೆಸರಿಲ್ಲದೆ ಊರು ಸುತ್ತುವುದು ಸಿನಿಮಾ ಹಾಡು ಮಾತ್ರವಲ್ಲ. ಹಾವೇರಿಯ ಕವಿ ಸತೀಶ ಕುಲಕರ್ಣಿಯವರ ‘ಕಟ್ಟುತ್ತೇವ’ ಹಾಡನ್ನು ನಾಡಿನ ಎಷ್ಟೋ ಸಭೆ, ಹೋರಾಟ, ಶಾಲೆಗಳಲ್ಲಿ ಹಾಡುತ್ತಾರೆ. ಬರೆದವರು ಯಾರೆಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಹಾಡಿಗೆ ಇದು ಗೌರವವೇ ಇರಬಹುದು, ಬರೆದವರಿಗಂತೂ ಅಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. ಚಿತ್ರಮಂದಿರದ ಆಚೆ ಸಿನಿಮಾ ಹಾಡು ಬಳಕೆಯಾದಾಗ ಬರುವ ರಾಯಧನದಲ್ಲಿ ಗೀತರಚನೆಕಾರರಿಗೂ ಸಮಪಾಲು. ಆ ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಡುವಂತಿಲ್ಲ. ದುಡ್ಡಿನ ಲೆಕ್ಕಕ್ಕೆ ಕಾನೂನು ಬಂದಿದೆ. ಹೆಸರಿನ ಲೆಕ್ಕ ನಮ್ಮದು. ಗಣೇಶೋತ್ಸವದ ವೇದಿಕೆಯಲ್ಲಿ ಪ್ರಾಯೋಜಕರ ಪಟ್ಟಿಯನ್ನೆಲ್ಲ ಓದುವ ನಿರೂಪಕರು ‘ರಚನೆ’ ಎಂದು ಒಂದು ಹೆಸರು ಸೇರಿಸಿದರೆ ಕಾರ್ಯಕ್ರಮವೇನೂ ತಡವಾಗದು.

ಮುಂದಿನ ಸಂಚಿಕೆಗೆ ಒಂದು ಬೇಡಿಕೆ. ಭಜನಾ ಮೇಳಗಳ ಹಿರಿಯರ ಬಳಿ ಪದ ಬರೆದಿಟ್ಟ ಹಳೆಯ ವಹಿಗಳಿರುತ್ತವೆ. ಶರೀಫರ ಒಂದೇ ಪದಕ್ಕೆ ಊರೂರಿಗೆ ಪಾಠ ಬೇರೆ. ನಿಮ್ಮೂರ ಪಾಠವನ್ನು ನಕಲು ಮಾಡಿ ಕಳಿಸಿ. ಊರು, ಮೇಳ, ಯಾರ ಬಾಯಿಂದ ಕಲಿತದ್ದು ಎಂಬುದನ್ನೂ ಬರೆಯಿರಿ. ಪುಸ್ತಕ ನೋಡಿ ತಿದ್ದಬೇಡಿ. ನಿಮ್ಮ ಮೇಳ ಹಾಡುವ ಹಾಗೆಯೇ ಇರಲಿ.