ರಸಪ್ರಶ್ನೆಗೆ ರಸ ಮರಳಲಿ

ಗಡಿನಾಡಿನ ಕನ್ನಡ ಸಂಘಗಳ ಆಮಂತ್ರಣ ಪತ್ರಿಕೆಗಳಲ್ಲಿ ಭಾವಗೀತೆ, ಭಾಷಣ, ಪ್ರಬಂಧಗಳ ಸಾಲಿನಲ್ಲಿ ರಸಪ್ರಶ್ನೆ ಸ್ಪರ್ಧೆಗೂ ಒಂದು ಸ್ಥಾನ ಇದ್ದೇ ಇರುತ್ತದೆ. ಕ್ವಿಜ್ ಎಂಬ ಒಣ ಪದಕ್ಕೆ ರಸಪ್ರಶ್ನೆ ಎಂಬ ಹೆಸರನ್ನು ಕೊಟ್ಟವರ ರಸಿಕತೆಗೆ ತಲೆಬಾಗಲೇಬೇಕು. ಆದರೆ ಇಂದು ನಮ್ಮ ವೇದಿಕೆಗಳ ಮೇಲೆ ನಡೆಯುತ್ತಿರುವುದರಲ್ಲಿ ಪ್ರಶ್ನೆ ಮಾತ್ರ ಉಳಿದಿದೆ. ರಸ ಎಂದೋ ಹಿಂಗಿಹೋಗಿದೆ. ಈ ಪದ್ಧತಿಯನ್ನು ಕೈಬಿಟ್ಟು, ಇಂಗ್ಲೆಂಡಿನ ಪಬ್ಬುಗಳಲ್ಲಿ ಜನ ಗುಂಪುಗೂಡಿ ಆಡುವ ಸಾಮಾನ್ಯಜ್ಞಾನದ ಆಟವನ್ನು ನಮ್ಮ ಸಂಘಗಳು ತಮ್ಮದಾಗಿಸಿಕೊಳ್ಳಬೇಕು ಎಂಬುದು ನಮ್ಮ ವಾದ. ಪಬ್ಬು ಎಂದೊಡನೆ ಹುಬ್ಬೇರಿಸುವ ಹಿರಿಯರು ಕಡೆಯವರೆಗೆ ಓದಿ ಅನಂತರ ತೀರ್ಪು ಕೊಡಲೆಂದು ಪ್ರಾರ್ಥನೆ.

ಮೊದಲು ಇಂದಿನ ಸ್ಥಿತಿಯನ್ನು ನೋಡೋಣ. ವೇದಿಕೆಯ ಮೇಲೆ ನಾಲ್ಕು ಮೇಜು, ಮೇಜಿಗೆ ಇಬ್ಬರು ಮಕ್ಕಳು. ಹಿಂದಿನ ರಾತ್ರಿ ಮಾರ್ಗದರ್ಶಿ ಪುಸ್ತಕದಿಂದ ಬಾಯಿಪಾಠ ಮಾಡಿದ ಜ್ಞಾನಪೀಠ ಪುರಸ್ಕೃತರ ಪಟ್ಟಿ, ಕಾವ್ಯನಾಮಗಳ ಪಟ್ಟಿ, ಬಿರುದುಗಳ ಪಟ್ಟಿ. ಪ್ರಶ್ನೆ ಮುಗಿಯುವ ಮೊದಲೇ ಗಂಟೆ ಒತ್ತಿದವನಿಗೆ ಹತ್ತು ಅಂಕ, ತಪ್ಪಿದವನಿಗೆ ಐದು ಅಂಕಗಳ ಕಡಿತ. ಪ್ರಾಥಮಿಕ ಸುತ್ತಿನಲ್ಲಿಯೇ ಸೋತ ಮೂವತ್ತು ಮಕ್ಕಳು ಅಂಗಳದಲ್ಲಿ ಓಡಾಡುತ್ತಿರುತ್ತಾರೆ. ಅವರ ತಂದೆತಾಯಂದಿರು ಕುರ್ಚಿಗಳಲ್ಲಿ ಕುಳಿತು ಗಡಿಯಾರ ನೋಡುತ್ತಿರುತ್ತಾರೆ. ಗೆದ್ದವರಿಗೆ ಫಲಕ, ಛಾಯಾಚಿತ್ರ, ಚಪ್ಪಾಳೆ. ಬಾಳೆಲ್ಲ ಶಾಲೆಯಲ್ಲಿ ಕಳೆದ ನಮ್ಮಂಥವರಿಗೆ ಇದರ ನಿಜವಾದ ಹೆಸರು ಗೊತ್ತು. ಇದು ಪರೀಕ್ಷೆ. ಮಕ್ಕಳು ವರ್ಷವಿಡೀ ಬರೆಯುವ ಪರೀಕ್ಷೆಗೆ ಸಂಘದವರು ಭಾನುವಾರವೂ ಒಂದನ್ನು ಸೇರಿಸಿದ್ದಾರೆ, ಅಷ್ಟೆ.

ಇನ್ನು ಇಂಗ್ಲೆಂಡಿನ ಆಟವನ್ನು ನೋಡೋಣ. ವಾರದ ನಡುವಿನ ಒಂದು ಸಂಜೆ, ಗಿರಾಕಿಗಳು ವಿರಳವಾಗಿರುವ ದಿನವನ್ನೇ ಆರಿಸಿ, ಪಬ್ಬಿನ ಯಜಮಾನ ಈ ಆಟವನ್ನು ಇಡುತ್ತಾನೆ. ನೆರೆಹೊರೆಯವರು ನಾಲ್ಕೈದು ಮಂದಿ ಒಂದು ಮೇಜಿಗೆ ಕೂಡಿ ತಂಡವಾಗುತ್ತಾರೆ. ತಂಡಕ್ಕೊಂದು ತಮಾಷೆಯ ಹೆಸರು. ತಲೆಗಿಷ್ಟು ಎಂದು ಸಣ್ಣ ಪ್ರವೇಶಧನ. ಒಬ್ಬರು ಧ್ವನಿವರ್ಧಕದಲ್ಲಿ ಪ್ರಶ್ನೆಗಳನ್ನು ಓದುತ್ತಾರೆ. ಇತಿಹಾಸಕ್ಕೊಂದು ಸುತ್ತು, ಭೂಗೋಳಕ್ಕೊಂದು, ಸಂಗೀತಕ್ಕೊಂದು, ಆಟೋಟಕ್ಕೊಂದು, ಚಿತ್ರ ನೋಡಿ ಗುರುತಿಸಲು ಇನ್ನೊಂದು. ಎಲ್ಲ ತಂಡಗಳಿಗೂ ಅವೇ ಪ್ರಶ್ನೆಗಳು. ತಲೆಗೆ ತಲೆ ಕೂಡಿಸಿ, ಪಕ್ಕದ ಮೇಜಿಗೆ ಕೇಳಿಸದಂತೆ ಪಿಸುಗುಟ್ಟಿ, ಒಪ್ಪಿದ ಉತ್ತರವನ್ನು ಒಂದೇ ಹಾಳೆಯಲ್ಲಿ ಬರೆಯಬೇಕು. ಸುತ್ತು ಮುಗಿದಾಗ ಹಾಳೆಯನ್ನು ಪಕ್ಕದ ಮೇಜಿನವರಿಗೆ ಕೊಟ್ಟು ಅಂಕ ಹಾಕಿಸುವುದು ಹಲವೆಡೆ ರೂಢಿ. ಯಾರನ್ನೂ ಹೊರಗೆ ಹಾಕುವುದಿಲ್ಲ. ಕಟ್ಟಕಡೆಯ ಸ್ಥಾನದ ತಂಡವೂ ಕೊನೆಯ ಪ್ರಶ್ನೆಯವರೆಗೆ ಕುಳಿತಿರುತ್ತದೆ. ಬಹುಮಾನ ಅಲ್ಪ, ಗೌರವ ಅದಕ್ಕಿಂತಲೂ ಅಲ್ಪ, ಸಂತೋಷ ಮಾತ್ರ ಅಪಾರ.

ಈ ಆಟ ಬಹಳ ಪುರಾತನವೇನಲ್ಲ. ಬರ್ನ್ಸ್ ಮತ್ತು ಪೋರ್ಟರ್ ಎಂಬವರು 1976ರಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ 32 ತಂಡಗಳನ್ನು ಮೂರು ಲೀಗುಗಳಾಗಿ ಸಂಘಟಿಸಿದ ಮೇಲೆ ಇದು ದೇಶದಲ್ಲೆಲ್ಲ ಹಬ್ಬಿತು. ಆದರೆ ಪಬ್ಬಿನ ಮೇಜಿಗೂ ಸಾಮಾನ್ಯಜ್ಞಾನಕ್ಕೂ ಇರುವ ನಂಟು ಇನ್ನೂ ಹಿಂದಿನದು. 1951ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ಪ್ರಾಂತ್ಯದಲ್ಲಿ ಬೇಟೆಗೆ ಹೋಗಿದ್ದ ಗಿನ್ನೆಸ್ ಮದ್ಯ ತಯಾರಿಕಾ ಸಂಸ್ಥೆಯ ನಿರ್ದೇಶಕ ಸರ್ ಹ್ಯೂ ಬೀವರ್ ಅವರಿಗೂ ಅವರ ಸಂಗಡಿಗರಿಗೂ, ಯೂರೋಪಿನ ಬೇಟೆಹಕ್ಕಿಗಳಲ್ಲಿ ಅತಿ ವೇಗದ್ದು ಯಾವುದೆಂದು ಚರ್ಚೆ ಹತ್ತಿತು. ಯಾವ ಪುಸ್ತಕದಲ್ಲಿಯೂ ಉತ್ತರ ಸಿಗಲಿಲ್ಲ. ಇಂಥ ಜಗಳಗಳು ಪಬ್ಬುಗಳಲ್ಲಿ ಪ್ರತಿರಾತ್ರಿಯೂ ನಡೆಯುತ್ತಿರಬೇಕಲ್ಲ ಎಂಬ ಯೋಚನೆಯಿಂದ ಹುಟ್ಟಿದ ಪುಸ್ತಕವೇ ಗಿನ್ನೆಸ್ ದಾಖಲೆಗಳ ಪುಸ್ತಕ. 1954ರಲ್ಲಿ ಸಾವಿರ ಪ್ರತಿಗಳನ್ನು ಉಚಿತವಾಗಿ ಹಂಚಿ, 1955ರಲ್ಲಿ ಮಾರಾಟಕ್ಕೆ ತಂದರು. ನಮ್ಮ ಶಾಲೆಗಳ ಗ್ರಂಥಾಲಯಗಳಲ್ಲಿ ಮಕ್ಕಳು ಮುಗಿಬಿದ್ದು ನೋಡುವ ಆ ಪುಸ್ತಕಕ್ಕೆ ಪಬ್ಬಿನ ವಾಸನೆಯಿದೆಯೆಂದು ಯಾವ ಶಾಲೆಯೂ ಅದನ್ನು ಬಾಗಿಲಾಚೆ ಇಟ್ಟಿದ್ದನ್ನು ನಾವು ಕಾಣೆವು.

ಹೀಗಿರಲು, ಮದ್ಯದಂಗಡಿಯ ಆಟ ಸರಸ್ವತಿಯ ಮಂದಿರಕ್ಕೆ ಸಲ್ಲದು ಎಂಬ ಮೊದಲ ಆಕ್ಷೇಪ ನಿಲ್ಲುವುದಿಲ್ಲ. ಪಬ್ಬು ಎಂಬುದು ಪಬ್ಲಿಕ್ ಹೌಸ್ ಎಂಬ ಮಾತಿನ ಮೊಟಕು ರೂಪ. ಊರಿನ ನಾಲ್ಕು ಜನ ಸೇರುವ ಮನೆ ಎಂಬುದೇ ಅದರ ಮೂಲಾರ್ಥ. ನಮ್ಮಲ್ಲಿ ಆ ಕೆಲಸವನ್ನು ಅಶ್ವತ್ಥಕಟ್ಟೆ ಮಾಡಿದೆ, ಚಾವಡಿ ಮಾಡಿದೆ, ಚಹಾದಂಗಡಿಯ ಬೆಂಚು ಮಾಡಿದೆ. ನಾವು ತರಬೇಕೆನ್ನುತ್ತಿರುವುದು ಅವರ ಮೇಜನ್ನು ಮಾತ್ರ. ಮೇಜಿನ ಮೇಲೆ ಏನಿರಬೇಕೆಂಬುದನ್ನು ನಮ್ಮ ಅಡುಗೆಮನೆ ನಿರ್ಧರಿಸುತ್ತದೆ. ಕಾಫಿಯೂ ಅವಲಕ್ಕಿಯೂ ಸಾಕು.

ಎರಡನೆಯ ಆಕ್ಷೇಪ ವಿದ್ವಾಂಸರದು. ಇಂಥ ಚೂರುಪಾರು ಮಾಹಿತಿ ಜ್ಞಾನವಲ್ಲ. ಬೇಕಾದುದೆಲ್ಲ ಈಗ ಕೈಯ ಮೊಬೈಲಿನಲ್ಲಿಯೇ ಇದೆ ಎನ್ನುತ್ತಾರೆ. ಇಂಥ ಸಂಗತಿಗಳಿಗೆ ಇಂಗ್ಲಿಷಿನಲ್ಲಿ ಟ್ರಿವಿಯಾ ಎನ್ನುತ್ತಾರೆ. ಅದರ ಹಿಂದಿರುವ ಲ್ಯಾಟಿನ್ ಪದಕ್ಕೆ ಮೂರು ದಾರಿ ಕೂಡುವ ಸ್ಥಳವೆಂದು ಅರ್ಥ. ಮೂರು ದಾರಿ ಕೂಡುವಲ್ಲಿ ಮೂರು ಊರಿನ ಸುದ್ದಿಯೂ ಕೂಡುತ್ತದೆ ಎಂಬುದನ್ನು ಗಡಿನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಉದಾಹರಣೆ ಕೊಡೋಣ. ಕನ್ನಡದ ಮೊದಲ ರಾಷ್ಟ್ರಕವಿ ಯಾರು ಎಂದರೆ ಯಾವ ಮಗುವೂ ಮಂಜೇಶ್ವರದ ಗೋವಿಂದ ಪೈ ಎಂದು ಥಟ್ಟನೆ ಹೇಳಿ ಮರೆತುಬಿಡುತ್ತದೆ. ಆ ಗೌರವವನ್ನು 1949ರಲ್ಲಿ ಅವರಿಗೆ ಕೊಟ್ಟ ಸರ್ಕಾರ ಯಾವುದು ಎಂದು ಕೇಳಿ ನೋಡಿ. ಮದರಾಸು ಸರ್ಕಾರ ಎಂಬ ಉತ್ತರ ಬಂದೊಡನೆ, ಮದರಾಸೇಕೆ ಎಂಬ ಪ್ರಶ್ನೆ ಮೇಜಿನ ಸುತ್ತ ಏಳುತ್ತದೆ. ಆಗ ಅಜ್ಜ ಬಾಯಿ ತೆರೆಯುತ್ತಾನೆ: ನಮ್ಮ ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಆ ಜಿಲ್ಲೆ ಮದರಾಸು ರಾಜ್ಯದಲ್ಲಿತ್ತು, 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಕನ್ನಡನಾಡಿಗೆ ಸೇರಿಸಬೇಕೆಂದಿತು, ಅದು ಆಗಲಿಲ್ಲ. ಒಂದು ಚೂರು ಮಾಹಿತಿಯ ಬಾಲ ಹಿಡಿದರೆ ಒಂದು ನಾಡಿನ ಕಥೆಯೇ ಹೊರಗೆ ಬರುತ್ತದೆ. ಮೊಬೈಲು ಕೇಳಿದ್ದಕ್ಕೆ ಉತ್ತರ ಕೊಟ್ಟೀತು. ಏನನ್ನು ಕೇಳಬೇಕೆಂದು ತಿಳಿಯದ ಮಗುವಿಗೆ ಅದರಿಂದಾಗುವ ಪ್ರಯೋಜನ ಅಷ್ಟಕ್ಕಷ್ಟೆ.

ನಮ್ಮ ವಾದದ ಮೂಲ ಇಲ್ಲಿದೆ. ಗಡಿನಾಡಿನ ಮನೆಗಳಲ್ಲಿ ಇಂದು ತಿಳಿವಳಿಕೆ ಹಂಚಿಹೋಗಿದೆ. ಅಜ್ಜನಿಗೆ ಕನ್ನಡದ ಕಾವ್ಯ ಗೊತ್ತು, ಅಜ್ಜಿಗೆ ಹಾಡು, ಗಾದೆ, ಒಗಟು ಗೊತ್ತು. ಸೊಸೆಗೆ ಮಲಯಾಳದ ಕಚೇರಿ ವ್ಯವಹಾರ ಗೊತ್ತು. ಇಂಗ್ಲಿಷ್ ಮಾಧ್ಯಮದ ಮೊಮ್ಮಗಳಿಗೆ ಗ್ರಹ ನಕ್ಷತ್ರಗಳೂ ಫುಟ್‌ಬಾಲೂ ಗೊತ್ತು. ಕನ್ನಡದ ಒತ್ತಕ್ಷರ ಬರೆಯುವಾಗ ಮಾತ್ರ ಅವಳ ಕೈ ತಡವರಿಸುತ್ತದೆ. ಇವರೆಲ್ಲ ಒಂದೇ ಸೂರಿನ ಕೆಳಗಿದ್ದರೂ, ಒಬ್ಬರ ತಿಳಿವಳಿಕೆ ಇನ್ನೊಬ್ಬರಿಗೆ ಬೇಕಾಗುವ ಸಂದರ್ಭವೇ ಒದಗುವುದಿಲ್ಲ. ಭಾಷೆ ಅಳಿಯುವುದು ಸರ್ಕಾರದ ಆದೇಶದಿಂದ ಮಾತ್ರವಲ್ಲ. ಮನೆಯೊಳಗೆ ಅದರ ಅಗತ್ಯ ತೀರಿದಾಗ ಆದೇಶವಿಲ್ಲದೆಯೂ ಅಳಿಯುತ್ತದೆ. ಪಬ್ಬಿನ ಮೇಜಿನ ಆಟದಲ್ಲಿ ಎಲ್ಲವನ್ನೂ ಬಲ್ಲ ಒಬ್ಬನಿರುವುದಿಲ್ಲ. ಸಂಗೀತದ ಸುತ್ತಿಗೆ ಒಬ್ಬರು, ಚೆಂಡಾಟದ ಸುತ್ತಿಗೆ ಇನ್ನೊಬ್ಬರು ಬೇಕು. ಆದ್ದರಿಂದಲೇ ಅಲ್ಲಿ ಮುದುಕರನ್ನೂ ಹುಡುಗರನ್ನೂ ಒಂದೇ ತಂಡಕ್ಕೆ ಕರೆದುಕೊಳ್ಳುವುದು ಜಾಣತನ. ವೇದಿಕೆಯ ಗಂಟೆಯಾಟ ಹಿರಿಯರನ್ನು ಪ್ರೇಕ್ಷಕರನ್ನಾಗಿ ಮಾಡಿ ಕೂರಿಸಿದೆ. ಮೇಜಿನ ಆಟ ಅವರನ್ನು ಮತ್ತೆ ಬೇಕಾದವರನ್ನಾಗಿ ಮಾಡುತ್ತದೆ.

ಕೂತು ಆಡುವ ಅರಿವಿನ ಆಟ ನಮಗೆ ಹೊಸತೆಂದು ಹೇಳುವವರು ತಾಳಮದ್ದಳೆಯನ್ನು ನೆನೆಯಲಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದಕ್ಕೆ ಅರ್ಥಧಾರಿಗಳು ಕುಳಿತಲ್ಲಿಯೇ ಪುರಾಣದ ಬಲದಿಂದ ಪ್ರಶ್ನೆ ಎಸೆಯುತ್ತಾರೆ, ಉತ್ತರ ಹುಡುಕುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಯನ್ನು ಕೊಟ್ಟ ನೆಲ ನಮ್ಮದು. ಅವಧಾನದ ಸಮಸ್ಯಾಪೂರಣವೂ ಇದೇ ವಂಶದ್ದು.

ಬೆಂಗಳೂರಿನವರು 1983ರಲ್ಲಿಯೇ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಕಟ್ಟಿ, ವಯಸ್ಸಿನ ಭೇದವಿಲ್ಲದೆ ತಂಡಗಳಾಗಿ ಆಡುತ್ತ ಬಂದಿದ್ದಾರೆ. ಆದರೆ ಅಲ್ಲಿ ಇಂಗ್ಲಿಷಿನದೇ ಮೇಲುಗೈ. ಕನ್ನಡದಲ್ಲಿ ಈ ಕೆಲಸವನ್ನು ಮನೆಮನೆಗೆ ಮುಟ್ಟಿಸಿದ್ದು 2002ರಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರ ಅವರು ನಡೆಸಿದ ‘ಥಟ್ ಅಂತ ಹೇಳಿ’. ಅಲ್ಲಿ ಬಹುಮಾನವೂ ಕನ್ನಡ ಪುಸ್ತಕವೇ. ಆ ಕಾರ್ಯಕ್ರಮದ ನಿಜವಾದ ಆಟ ನಡೆದದ್ದು ಪೆಟ್ಟಿಗೆಯ ಈಚೆಗೆ, ಮನೆಮಂದಿಯೆಲ್ಲ ಒಟ್ಟಾಗಿ ಉತ್ತರ ಕೂಗಿದ ಜಗಲಿಗಳಲ್ಲಿ ಎಂದು ನಾವು ನಂಬುತ್ತೇವೆ. ಆ ಜಗಲಿಯನ್ನೇ ಸಂಘದ ಸಭಾಂಗಣಕ್ಕೆ ತಂದರೆ ಸಾಕು.

ಅದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಮೇಜಿಗೆ ಐವರು, ಅವರಲ್ಲಿ ಒಬ್ಬರು ಅರುವತ್ತು ದಾಟಿದವರು, ಒಬ್ಬರು ಹದಿನೈದು ಮುಟ್ಟದವರು. ಮೊಬೈಲುಗಳೆಲ್ಲ ಬಾಗಿಲ ಬಳಿಯ ಬುಟ್ಟಿಯಲ್ಲಿ. ಉತ್ತರದ ಹಾಳೆಯನ್ನು ತಂಡದ ಅತಿ ಕಿರಿಯರೇ ಬರೆಯಬೇಕು, ಕನ್ನಡ ಲಿಪಿಯಲ್ಲಿಯೇ ಬರೆಯಬೇಕು. ಒತ್ತಕ್ಷರ ತಪ್ಪಿದರೆ ಅಜ್ಜಿ ತಿದ್ದಲಿ, ಅಂಕ ಕಡಿಯುವುದು ಬೇಡ. ಪ್ರಶ್ನೆಗಳಲ್ಲಿ ಅರ್ಧ ಜಗತ್ತಿನದು, ಅರ್ಧ ನಮ್ಮ ನೆಲದ್ದು ಇರಲಿ. ಬೇಕಲದ ಕೋಟೆಗೂ ಕೆಳದಿಗೂ ಏನು ನಂಟು? ಎಳನೀರಿಗೆ ತುಳುವಿನಲ್ಲಿ ಏನೆನ್ನುತ್ತಾರೆ, ಮಲಯಾಳದಲ್ಲಿ ಏನೆನ್ನುತ್ತಾರೆ? ಬೊಂಡ ಎಂದು ಒಬ್ಬರು, ಕರಿಕ್ಕ್ ಎಂದು ಇನ್ನೊಬ್ಬರು ಹೇಳಿದಾಗ ಸಪ್ತಭಾಷೆಗಳ ಈ ನಾಡಿನಲ್ಲಿ ನೆರೆಯ ಭಾಷೆಯೂ ನಮ್ಮ ಪಾಲಿಗೆ ಅಂಕ ತರುತ್ತದೆ. ನೆರೆಮನೆಯ ಮಲಯಾಳಿಯನ್ನೂ ಮೇಜಿಗೆ ಕರೆಯಬಹುದು; ಕನ್ನಡದ ಪ್ರೀತಿಗೆ ಅನ್ಯದ್ವೇಷದ ಊರುಗೋಲು ಬೇಕಿಲ್ಲ. ಯಾರನ್ನೂ ನಡುವಿನಲ್ಲಿ ಎಬ್ಬಿಸಿ ಕಳುಹಿಸಬಾರದು. ಗೆದ್ದ ಮೇಜಿಗೆ ಒಂದು ಗೊನೆ ಬಾಳೆಹಣ್ಣು ಮತ್ತು ಐದು ಪುಸ್ತಕ. ಗೊನೆಯನ್ನು ಎಲ್ಲರಿಗೂ ಹಂಚುವುದು ಗೆದ್ದವರ ಹೊಣೆ.

ಫಲಕಗಳಿಗೆ ಮೀಸಲಿಟ್ಟ ಹಣದಲ್ಲಿ ಇಷ್ಟೂ ನಡೆಯುತ್ತದೆ. ಸಂಘದ ಕಾರ್ಯಕಾರಿ ಸಮಿತಿಯವರು ಮುಂದಿನ ವರ್ಷದ ಆಮಂತ್ರಣ ಪತ್ರಿಕೆಯಲ್ಲಿ ರಸಪ್ರಶ್ನೆ ಸ್ಪರ್ಧೆ ಎಂಬಲ್ಲಿ ಸ್ಪರ್ಧೆ ಎಂಬ ಪದವನ್ನು ಬಿಟ್ಟು ಅಚ್ಚು ಹಾಕಿಸಲಿ. ಸಭಾಂಗಣದ ಕುರ್ಚಿಗಳನ್ನು ವೇದಿಕೆಯ ಕಡೆಗೆ ಮುಖ ಮಾಡಿಸದೆ, ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಹಾಕಿಸಲಿ. ಉಳಿದುದನ್ನು ಅಜ್ಜಂದಿರೂ ಮೊಮ್ಮಕ್ಕಳೂ ನೋಡಿಕೊಳ್ಳುತ್ತಾರೆ.