ಹುದುಗಿಸಿಟ್ಟ ಡಬ್ಬಿ, ಬಯಲಲ್ಲಿರುವ ನಿಧಿ

2000ದ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರ್ಕಾರವು ಜಿಪಿಎಸ್ ಉಪಗ್ರಹಗಳ ಸಂಕೇತದಲ್ಲಿ ನಾಗರಿಕ ಬಳಕೆದಾರರಿಗೆ ಬೇಕೆಂದೇ ಉಳಿಸಿದ್ದ ಅಸ್ಪಷ್ಟತೆಯನ್ನು ತೆಗೆದುಹಾಕಿತು. ಸ್ಥಾನನಿರ್ದೇಶನವು ಒಮ್ಮೆಲೇ ಸುಮಾರು ಹತ್ತು ಪಟ್ಟು ನಿಖರವಾಯಿತು. ಇದನ್ನು ಪರೀಕ್ಷಿಸಲು ಡೇವ್ ಉಲ್ಮರ್ ಎಂಬುವರು ಮೇ 3ರಂದು ಒರೆಗನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ಟನ್ನು ಅರ್ಧ ಹೂತಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಹುಡುಕಿ ಬಂದವರಿಗೆ ಸಿಕ್ಕಿದ್ದು ಹೆಸರು ಬರೆಯುವ ಪುಸ್ತಕ, ಪೆನ್ಸಿಲು, ಒಂದು ಬೀನ್ಸ್ ಡಬ್ಬಿ ಮತ್ತು ಇಂಥದೇ ಕೆಲವು ಸಾಮಾನುಗಳು. ಜಿಯೋಕ್ಯಾಶಿಂಗ್ ಎಂಬ ಹವ್ಯಾಸ ಹುಟ್ಟಿದ್ದು ಹೀಗೆ.

ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವವರಿದ್ದಾರೆ. ಸಿಕ್ಕ ಡಬ್ಬಿಗಳ ಸಂಖ್ಯೆಯನ್ನೇ ಸಾಧನೆಯೆಂದು ಎಣಿಸುವವರೂ ಇದ್ದಾರೆ. ಇಬ್ಬರೂ ಒಂದು ಸಂಗತಿಯನ್ನು ಮರೆಯುತ್ತಾರೆ. ಅಂಕಿಗಳು ಸೂಚಿಸುವುದು ಒಂದು ಬಿಂದುವನ್ನು ಮಾತ್ರ. ಬಿಂದು ಸ್ಥಳವಾಗುವುದು ಅದರ ಚರಿತ್ರೆಯಿಂದ.

ಬೀವರ್‌ಕ್ರೀಕ್ ಎಂಬ ಹೆಸರನ್ನೇ ನೋಡಬಹುದು. ಬೀವರ್ ಎಂಬುದು ಮರ ಕಡಿದು ತೊರೆಗಳಿಗೆ ಅಡ್ಡಗಟ್ಟೆ ಕಟ್ಟುವ ಪ್ರಾಣಿ. ಅದರ ತುಪ್ಪಳದ ವ್ಯಾಪಾರಕ್ಕೆಂದೇ ಹಡ್ಸನ್ಸ್ ಬೇ ಕಂಪನಿ ಈ ಸೀಮೆಗೆ ಬಂದಿತು. ಆ ಕಂಪನಿಯ ಜಾನ್ ಮೆಕ್‌ಲಾಕ್ಲಿನ್ 1829ರಲ್ಲಿ ವಿಲಾಮೆಟ್ ಜಲಪಾತದ ಬಳಿ ನೆಲವನ್ನು ತನ್ನದೆಂದು ಸಾರಿದ. ಅಲ್ಲಿ ಬೆಳೆದ ಒರೆಗನ್ ಸಿಟಿಯು ಪಶ್ಚಿಮಕ್ಕೆ ವಲಸೆ ಬಂದವರ ಬಂಡಿದಾರಿಯ ಕೊನೆಯ ತಾಣವಾಯಿತು. ಆ ನೆಲದ ಮೂಲನಿವಾಸಿಗಳಾದ ಕ್ಲಾಕಮಸ್ ಜನ 1855ರ ಒಪ್ಪಂದದ ತರುವಾಯ ಗ್ರಾಂಡ್ ರೋಂಡ್ ಮೀಸಲು ಪ್ರದೇಶಕ್ಕೆ ಹೋಗಬೇಕಾಯಿತು. ಒಂದು ಸ್ಥಳನಾಮದ ಹಿಂದೆ ಇಷ್ಟು ಚರಿತ್ರೆ ಇರುವಾಗ, ಬಕೆಟ್ಟನ್ನು ಮಾತ್ರ ಕಂಡು ಮರಳಿದವನು ಏನನ್ನೂ ಕಂಡಂತಾಗಲಿಲ್ಲ.

ಅದೇ ವಿಲಾಮೆಟ್ ಕಣಿವೆಯ ಶೆರಿಡನ್ ಸಮೀಪ, ಸಾರ್ವಜನಿಕ ನೆಲದ ಒಂದು ದಿಬ್ಬದ ಮೇಲೆ, ಆ ಪ್ರದೇಶಕ್ಕೆ ಸೇರದ ಹೆಬ್ಬಂಡೆಯೊಂದಿದೆ. ಹಿಮಯುಗದ ಕೊನೆಯ ಘಟ್ಟದಲ್ಲಿ ಹಿಮದ ಅಣೆಕಟ್ಟು ಮತ್ತೆ ಮತ್ತೆ ಒಡೆದು ನುಗ್ಗಿದ ಮಿಸೌಲಾ ಮಹಾಪೂರಗಳಲ್ಲಿ, ನೀರ್ಗಲ್ಲ ತುಂಡಿನೊಳಗೆ ಸಿಲುಕಿ ರಾಕಿ ಪರ್ವತಗಳ ಸೀಮೆಯಿಂದ ಅದು ತೇಲಿಬಂದಿತು. ಪೂರದ ಮಟ್ಟ ಎಷ್ಟಿತ್ತೆಂಬುದಕ್ಕೆ ಆ ಬಂಡೆಯೇ ಶಾಸನ. ಆದರೆ ನೋಡಬಂದವರು ನೆನಪಿಗೆಂದು ಒಡೆದೊಯ್ದ ಚೂರುಗಳಿಂದಾಗಿ ಅದು ಬಹಳಷ್ಟು ಸವೆದುಹೋಗಿದೆ. ಪ್ರವಾಹ ಹೊತ್ತುತಂದದ್ದನ್ನು ಪ್ರವಾಸಿಗರು ಕರಗಿಸಿದರು.

ಸ್ಥಳವನ್ನು ಪ್ರಕಟಪಡಿಸುವುದರ ಅಪಾಯ ಇಲ್ಲಿಯೇ ಇದೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿಯಿಲ್ಲದೆ ಡಬ್ಬಿ ಇಡುವಂತಿಲ್ಲ. ಡಬ್ಬಿಗಳನ್ನು ಹೂಳಬಾರದೆಂಬ ನಿಯಮವನ್ನು ಹವ್ಯಾಸಿಗಳೂ ಮಾಡಿಕೊಂಡಿದ್ದಾರೆ. ಉಲ್ಮರ್ ಇಟ್ಟ ಮೊದಲ ಬಕೆಟ್ಟೇ ಇಂದಿನ ನಿಯಮಕ್ಕೆ ಒಪ್ಪುವಂಥದ್ದಲ್ಲ. ಇನ್ನೂ ವಿವೇಕದ ಹೆಜ್ಜೆಯೆಂದರೆ 2004ರಲ್ಲಿ ಆರಂಭವಾದ ಅರ್ಥ್‌ಕ್ಯಾಶ್. ಇಲ್ಲಿ ಡಬ್ಬಿಯೇ ಇಲ್ಲ. ಹೋದವನು ಶಿಲೆಯ ಪದರವನ್ನೋ ಕಣಿವೆಯ ಆಕಾರವನ್ನೋ ನೋಡಿ, ಕೇಳಿದ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ನಿಧಿ ಬಯಲಲ್ಲೇ ಇರುತ್ತದೆ. ಅದನ್ನು ಓದಲು ಬರಬೇಕಷ್ಟೆ.

ಕನ್ನಡದ ಸಂಶೋಧಕರಿಗೆ ಈ ವಿವೇಕ ಹೊಸದಲ್ಲ. ಶಾಸನದ ಪಡಿಯಚ್ಚು ತೆಗೆಯುವ ವಿದ್ವಾಂಸ ಪಾಠವನ್ನಷ್ಟೇ ತಂದು ಕಲ್ಲನ್ನು ಅಲ್ಲಿಯೇ ಬಿಡುತ್ತಾನೆ. ಏಕೆಂದರೆ ಕೆರೆಯ ಏರಿಯಿಂದ ಕಿತ್ತು ತಂದ ಶಾಸನ ತನ್ನ ಅರ್ಧ ಅರ್ಥವನ್ನು ಏರಿಯಲ್ಲೇ ಕಳೆದುಕೊಂಡಿರುತ್ತದೆ. ಇದೇ ನಾಡಿನಲ್ಲಿ ನಿಧಿಯಾಸೆಯಿಂದ ಅಗೆದು ಉರುಳಿಸಿದ ವೀರಗಲ್ಲುಗಳೂ ಇವೆ. ಇಬ್ಬರೂ ಹುಡುಕಿದ್ದು ನಿಧಿಯನ್ನೇ. ಒಬ್ಬನ ನಂತರ ಸ್ಥಳ ಮಾತನಾಡಿತು, ಇನ್ನೊಬ್ಬನ ನಂತರ ಮೂಕವಾಯಿತು. ಇಂದು ಅಕ್ಷಾಂಶ ರೇಖಾಂಶಗಳು ಪ್ರತಿಯೊಬ್ಬ ವಿದ್ಯಾರ್ಥಿಯ ಅಂಗೈಯಲ್ಲಿವೆ. ಅವುಗಳನ್ನು ಹಿಡಿದು ಹೊರಟವನು ಏನನ್ನು ತಂದ ಎಂಬುದಕ್ಕಿಂತ ಏನನ್ನು ಅಲ್ಲಿಯೇ ಉಳಿಸಿ ಬಂದ ಎಂಬುದೇ ಕ್ಷೇತ್ರಕಾರ್ಯದ ಮೊದಲ ಪರೀಕ್ಷೆಯಾಗಬೇಕು.