ತಾರೆ ಯಾರು, ಆಸರೆ ಯಾರು? ಕಡೂರಿನ ವೇದಾ ಉಳಿಸಿಹೋದ ಪ್ರಶ್ನೆ

ಕೊಪ್ಪ: ಭಾರತದ ಮಹಿಳಾ ಕ್ರಿಕೆಟ್ ತಂಡವು 2025ರ ನವೆಂಬರ್ 2ರಂದು ನವಿ ಮುಂಬೈನಲ್ಲಿ ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಸೋಲಿಸಿ ಚೊಚ್ಚಲ ವಿಶ್ವಕಪ್ ಎತ್ತಿತು. ದೇಶವೇ ಸಂಭ್ರಮಿಸಿದ ಆ ವಿಜಯದಲ್ಲಿ ಕನ್ನಡಿಗರ ಪಾಲಿಗೆ ಒಂದು ಕೊರತೆ ಉಳಿಯಿತು. ವಿಶ್ವಕಪ್ ತಂಡದಲ್ಲಿ ಕರ್ನಾಟಕದ ಆಟಗಾರ್ತಿಯರು ಒಬ್ಬರೂ ಇರಲಿಲ್ಲ. ಅದಕ್ಕೆ ಮೂರು ತಿಂಗಳ ಹಿಂದೆ, ಜುಲೈನಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ ಸದ್ದುಗದ್ದಲವಿಲ್ಲದೆ ಆಟಕ್ಕೆ ವಿದಾಯ ಹೇಳಿದ್ದರು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಲೆನಾಡು ಒಂದು ಕಡೆ, ಕಡೂರಿನ ಬಯಲುಸೀಮೆ ಇನ್ನೊಂದು ಕಡೆ. ಹವೆ, ಬೆಳೆ, ಮಾತಿನ ಧಾಟಿ ಬೇರೆಯಾದರೂ ಜಿಲ್ಲೆ ಒಂದೇ. ಆದ್ದರಿಂದ ವೇದಾ ಇಲ್ಲಿಯವರಿಗೂ ನಮ್ಮೂರ ಹುಡುಗಿಯೇ. ಆದರೆ ಆಕೆಯನ್ನು 'ತಾರೆ' ಎನ್ನಬೇಕೇ, 'ತಂಡಕ್ಕೆ ಒದಗುವ ಉತ್ತಮ ಆಟಗಾರ್ತಿ' ಎಂದರೆ ಸಾಕೇ ಎಂಬಲ್ಲಿ ಭಿನ್ನಾಭಿಪ್ರಾಯವಿದೆ. ಇದು ಬರೀ ಅಭಿಮಾನಿಗಳ ಹರಟೆಯಲ್ಲ. ಯಾರನ್ನು ತಾರೆ ಎನ್ನುತ್ತೇವೆ ಎಂಬುದರ ಮೇಲೆ ಯಾರಿಗೆ ಎಷ್ಟು ಅವಕಾಶ, ಎಷ್ಟು ಹಣ, ಎಷ್ಟು ತಾಳ್ಮೆ ಸಿಗುತ್ತದೆ ಎಂಬುದು ನಿಂತಿದೆ.

ಅಂಕಿ ಅಂಶ ಹೇಳುವುದೆಷ್ಟು?

ಮೊದಲ ಅಳತೆಗೋಲು ಅಂಕಿ ಅಂಶ. ವೇದಾ 48 ಏಕದಿನ ಪಂದ್ಯಗಳಲ್ಲಿ 829 ರನ್, 76 ಟಿ20 ಪಂದ್ಯಗಳಲ್ಲಿ 875 ರನ್ ಗಳಿಸಿದರು. ಶತಕ ಒಂದೂ ಇಲ್ಲ. ಅವರ ನಾಯಕಿಯಾಗಿದ್ದ ಮಿಥಾಲಿ ರಾಜ್ ಏಕದಿನ ಪಂದ್ಯಗಳಲ್ಲಿ 7,805 ರನ್ ಗಳಿಸಿ ನಿವೃತ್ತರಾದರು. ಈ ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟರೆ ವಾದ ಅಲ್ಲಿಗೇ ಮುಗಿಯಬೇಕು.

ಮುಗಿಯುವುದಿಲ್ಲ. 2017ರ ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ನಡೆದ ಪಂದ್ಯವನ್ನು ನೋಡಿ. ನ್ಯೂಜಿಲೆಂಡ್ ವಿರುದ್ಧ ಗೆದ್ದರೆ ವಿಶ್ವಕಪ್ ಸೆಮಿಫೈನಲ್, ಸೋತರೆ ಮನೆ. ಭಾರತದ 4ನೇ ವಿಕೆಟ್ 154ಕ್ಕೆ ಉರುಳಿತ್ತು. ಆಗ ಕ್ರೀಸಿಗೆ ಬಂದ ವೇದಾ 45 ಚೆಂಡುಗಳಲ್ಲಿ 70 ರನ್ ಚಚ್ಚಿ, ಮಿಥಾಲಿ ಜೊತೆ 108 ರನ್ ಸೇರಿಸಿದರು. ತಂಡದ ಮೊತ್ತ 265ಕ್ಕೆ ಏರಿತು. ನಂತರ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಕೇವಲ 15 ರನ್ ಕೊಟ್ಟು 5 ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಆಲೌಟ್. ಪಂದ್ಯಶ್ರೇಷ್ಠ ಪ್ರಶಸ್ತಿ ಹೋದದ್ದು 123 ಚೆಂಡುಗಳಲ್ಲಿ 109 ರನ್ ಗಳಿಸಿದ ಮಿಥಾಲಿಗೆ.

ಪ್ರಶಸ್ತಿ ತಪ್ಪು ಕೈಗೆ ಹೋಯಿತೆಂದು ಯಾರೂ ಹೇಳಲಾರರು. ಮಿಥಾಲಿ ಒಂದು ತುದಿಯನ್ನು ಹಿಡಿದು ನಿಲ್ಲದಿದ್ದರೆ ವೇದಾ ಬೀಸಿ ಹೊಡೆಯುವ ಧೈರ್ಯ ಮಾಡುವಂತಿರಲಿಲ್ಲ. ಆದರೆ ವೇದಾ ಬೀಸದೇ ಇದ್ದಿದ್ದರೆ ಮಿಥಾಲಿಯ ಶತಕ ಸಾಧಾರಣ ಮೊತ್ತವೊಂದರ ಭಾಗವಾಗಿ ಉಳಿಯುತ್ತಿತ್ತು ಎಂಬುದೂ ಅಷ್ಟೇ ನಿಜ. ಯಕ್ಷಗಾನ ಬಲ್ಲ ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದುರು ವೇಷ ಗಟ್ಟಿಯಿಲ್ಲದಿದ್ದರೆ ಪ್ರಧಾನ ವೇಷವೂ ಕಳೆಗಟ್ಟುವುದಿಲ್ಲ.

ನಿರ್ಣಾಯಕ ಗಳಿಗೆಯ ವಾದ

ಎರಡನೆಯ ವಾದ ಹೀಗಿದೆ: ಒತ್ತಡದ ಕೊನೆಯ ಗಳಿಗೆಯಲ್ಲಿ ಪಂದ್ಯ ಗೆಲ್ಲಿಸುವವನೇ ತಾರೆ, ಉಳಿದವರು ಸಹಾಯಕರು. ಇದಕ್ಕೆ ಅದೇ ವಿಶ್ವಕಪ್ಪಿನ ಫೈನಲ್ಲನ್ನು ಸಾಕ್ಷಿಯಾಗಿ ತೋರಿಸುತ್ತಾರೆ. 2017ರ ಜುಲೈ 23ರಂದು ಲಾರ್ಡ್ಸ್‌ನಲ್ಲಿ 229 ರನ್ನುಗಳ ಗುರಿ ಬೆನ್ನಟ್ಟಿದ ಭಾರತ 3 ವಿಕೆಟ್‌ಗೆ 191 ರನ್ ಗಳಿಸಿ ಗೆಲುವಿನ ಹೊಸ್ತಿಲಲ್ಲಿತ್ತು. ಅಲ್ಲಿಂದ 28 ರನ್ನುಗಳ ಅಂತರದಲ್ಲಿ 7 ವಿಕೆಟ್ ಕಳೆದುಕೊಂಡು 219ಕ್ಕೆ ಕುಸಿಯಿತು. ಇಂಗ್ಲೆಂಡಿನ ಆನ್ಯಾ ಶ್ರಬ್‌ಸೋಲ್ 46 ರನ್‌ಗೆ 6 ವಿಕೆಟ್ ಪಡೆದರು. 34 ಚೆಂಡುಗಳಲ್ಲಿ 35 ರನ್ ಗಳಿಸಿ ನೆಲೆಯೂರಿದ್ದ ವೇದಾ ಆ ಕುಸಿತದ ನಡುವೆಯೇ ಔಟಾದರು. ತಾರೆಯಾಗಿದ್ದರೆ ಪಂದ್ಯ ಮುಗಿಸಿ ಬರುತ್ತಿದ್ದರು ಎಂಬುದು ಟೀಕಾಕಾರರ ಮಾತು.

ಈ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ 86 ರನ್ ಗಳಿಸಿದ್ದ ಪೂನಂ ರಾವುತ್, ಸೆಮಿಫೈನಲ್‌ನಲ್ಲಿ ಅಜೇಯ 171 ರನ್ ಸಿಡಿಸಿ ಬಂದಿದ್ದ ಹರ್ಮನ್‌ಪ್ರೀತ್ ಕೌರ್, ರನೌಟ್ ಆದ ಮಿಥಾಲಿ, ಇವರಲ್ಲಿ ಯಾರೂ ಆ ದಿನ ಪಂದ್ಯ ಮುಗಿಸಲಿಲ್ಲ. ಅವರ ತಾರಾಪಟ್ಟಕ್ಕೆ ಕುಂದು ಬರಲಿಲ್ಲ. ಸೋಲಿನ ಹೊರೆ ಹಂಚುವಾಗ ಕೈ ಮೊದಲು ಹೋಗುವುದು ಆಸರೆಯ ಆಟಗಾರರ ತಲೆಯ ಕಡೆಗೇ.

ಈ ಚರ್ಚೆ ಅತಿ ಹೆಚ್ಚು ನಡೆಯುವುದು ಬ್ಯಾಸ್ಕೆಟ್‌ಬಾಲ್ ಲೋಕದಲ್ಲಿ. ಅಂಗಳದಲ್ಲಿ ಐವರೇ ಇರುವುದರಿಂದ ಒಬ್ಬನ ಪ್ರಭಾವ ಅಲ್ಲಿ ಎದ್ದು ಕಾಣುತ್ತದೆ. ಅಲ್ಲಿಯೂ ಕೊನೆಯ ಗಳಿಗೆಯ ಸೂತ್ರ ನಿಲ್ಲುವುದಿಲ್ಲ. 1997ರ ಎನ್‌ಬಿಎ ಫೈನಲ್ಸ್‌ನ 6ನೇ ಪಂದ್ಯದಲ್ಲಿ ಷಿಕಾಗೊ ಬುಲ್ಸ್‌ನ ಮೈಕೆಲ್ ಜೋರ್ಡನ್ 39 ಅಂಕ ಗಳಿಸಿದ್ದರು. ಕೊನೆಯ ಸೆಕೆಂಡುಗಳಲ್ಲಿ ಎದುರಾಳಿಗಳು ತಮ್ಮನ್ನೇ ಮುತ್ತಿಕೊಂಡಾಗ ಅವರು ಚೆಂಡನ್ನು ಸ್ಟೀವ್ ಕೆರ್ ಕೈಗೆ ಕೊಟ್ಟರು. ಗೆಲುವಿನ ಬುಟ್ಟಿ ಹಾಕಿದ್ದು ಕೆರ್. ಆದರೂ ಕೆರ್ ತಾರೆ, ಜೋರ್ಡನ್ ಸಹಾಯಕ ಎಂದು ಯಾರೂ ಹೇಳಲಿಲ್ಲ.

ವ್ಯತ್ಯಾಸದ ಸುಳಿವು ಇಲ್ಲಿಯೇ ಇದೆ. ಎದುರಾಳಿ ತನ್ನ ಇಡೀ ತಂತ್ರವನ್ನು ಯಾರ ಸುತ್ತ ಹೆಣೆಯುತ್ತಾನೋ ಅವನು ತಾರೆ. ಆ ತಂತ್ರದಿಂದ ತೆರವಾದ ಜಾಗದಲ್ಲಿ ತನ್ನ ಒಂದು ಕೆಲಸವನ್ನು ಚ್ಯುತಿಯಿಲ್ಲದೆ ಮಾಡುವವನು ಉತ್ತಮ ಸಹ ಆಟಗಾರ. ಮೊದಲನೆಯವನು ಜಾಗ ಸೃಷ್ಟಿಸುತ್ತಾನೆ, ಎರಡನೆಯವನು ಅದನ್ನು ವ್ಯರ್ಥವಾಗಲು ಬಿಡುವುದಿಲ್ಲ.

ಕನ್ನಡಿಗರ ಉದಾಹರಣೆಗಳು

ಈ ಗೆರೆ ಶಾಶ್ವತವಲ್ಲ ಎಂಬುದನ್ನು ಕರ್ನಾಟಕದ ಕ್ರಿಕೆಟ್ ಇತಿಹಾಸವೇ ತೋರಿಸುತ್ತದೆ. 1999ರ ಫೆಬ್ರುವರಿ 7ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ರನ್‌ಗೆ ಪಡೆದರು. ಒಂಬತ್ತು ಬಿದ್ದ ಮೇಲೆ ಇನ್ನೊಂದು ತುದಿಯಿಂದ ಬೌಲ್ ಮಾಡಿದವರು ಜಾವಗಲ್ ಶ್ರೀನಾಥ್. ಅವರು ಬೇಕೆಂದೇ ಚೆಂಡನ್ನು ಸ್ಟಂಪ್‌ನಿಂದ ದೂರಕ್ಕೆ ಎಸೆದರು. ದೇಶದ ಮುಂಚೂಣಿ ವೇಗದ ಬೌಲರ್ ಅಂದು ಒಂದು ಓವರ್ ಮಟ್ಟಿಗೆ ವಿಕೆಟ್ ಪಡೆಯದಿರುವುದನ್ನೇ ತನ್ನ ಕೆಲಸವೆಂದುಕೊಂಡರು. 1996ರ ಟೈಟಾನ್ ಕಪ್‌ನಲ್ಲಿ ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ವಿರುದ್ಧ 8 ವಿಕೆಟ್‌ಗೆ 164 ರನ್ ಆಗಿದ್ದಾಗ ಇದೇ ಜೋಡಿ ಬ್ಯಾಟ್ ಹಿಡಿದು ಮುರಿಯದ 52 ರನ್ ಸೇರಿಸಿ ಗೆಲ್ಲಿಸಿತ್ತು. ಬೌಲಿಂಗ್‌ನ ತಾರೆಗಳು ಬ್ಯಾಟಿಂಗ್‌ನಲ್ಲಿ ಆಸರೆಯಾಗಿದ್ದರು.

ರಾಹುಲ್ ದ್ರಾವಿಡ್ ಅವರದು ಇನ್ನೂ ಸ್ಪಷ್ಟವಾದ ನಿದರ್ಶನ. 1999ರ ವಿಶ್ವಕಪ್‌ನಲ್ಲಿ 461 ರನ್ ಗಳಿಸಿ ಟೂರ್ನಿಯ ಅಗ್ರ ಬ್ಯಾಟ್ಸ್‌ಮನ್ ಆಗಿದ್ದವರು 2003ರ ವಿಶ್ವಕಪ್‌ನಲ್ಲಿ ವಿಕೆಟ್ ಕೀಪಿಂಗ್ ಕೈಗವಸು ತೊಟ್ಟರು. ತಂಡಕ್ಕೆ ಒಬ್ಬ ಹೆಚ್ಚುವರಿ ಬ್ಯಾಟ್ಸ್‌ಮನ್ ಸಿಗಲೆಂದು ಮಾಡಿದ ಕೆಲಸವದು. ಭಾರತ ಫೈನಲ್ ತಲುಪಿತು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಶ್ರೀನಾಥ್, ದ್ರಾವಿಡ್ ಆಸರೆಯ ಪಾತ್ರಕ್ಕೆ ಇಳಿದಾಗ ಅದನ್ನು ತ್ಯಾಗವೆಂದು ಕರೆದೆವು. ವೇದಾ ಅಂಥವರು ವರ್ಷಗಟ್ಟಲೆ ಅದೇ ಪಾತ್ರ ವಹಿಸಿದರೆ ಅದನ್ನು ಮಿತಿ ಎನ್ನುತ್ತೇವೆ. ಕೆಲಸ ಒಂದೇ, ಹೆಸರು ಎರಡು.

ತಾಳ್ಮೆಯ ಲೆಕ್ಕ

ಪ್ರತಿಭೆಯ ಅಂತರವನ್ನು ಅಲ್ಲಗಳೆಯುವಂತಿಲ್ಲ. ಮಿಥಾಲಿಯ ತಂತ್ರಗಾರಿಕೆ ವೇದಾಗೆ ಇರಲಿಲ್ಲ. ಆದರೆ ಅಂತರದ ಇನ್ನೊಂದು ಭಾಗ ಅವಕಾಶದ್ದು. ಮೂರನೆಯ ಕ್ರಮಾಂಕದಲ್ಲಿ ಬರುವವರಿಗೆ ಕಣ್ಣು ಹೊಂದಿಸಿಕೊಳ್ಳಲು ಹತ್ತು ಓವರ್ ಸಿಗುತ್ತದೆ. ಆರನೆಯ ಕ್ರಮಾಂಕದಲ್ಲಿ ಬರುವವರಿಗೆ ಕೆಲವೊಮ್ಮೆ ಹತ್ತು ಚೆಂಡೂ ಸಿಗುವುದಿಲ್ಲ. ಮೊದಲ ಚೆಂಡಿಗೇ ಬೀಸಿ ಔಟಾದರೆ ತಂಡದ ಆದೇಶ ಪಾಲಿಸಿದ್ದು ಮರೆತುಹೋಗಿ ಸೊನ್ನೆಯೊಂದೇ ದಾಖಲೆಯಲ್ಲಿ ಉಳಿಯುತ್ತದೆ. ತಾರೆಗೆ ಐದು ವೈಫಲ್ಯ ಕ್ಷಮ್ಯ, ಆಸರೆಗೆ ಎರಡು.

2011ರಲ್ಲಿ 18ರ ಹರೆಯದಲ್ಲಿ ಇದೇ ಡರ್ಬಿಯಲ್ಲಿ ಅರ್ಧಶತಕದೊಂದಿಗೆ ಅಂತರರಾಷ್ಟ್ರೀಯ ಕ್ರಿಕೆಟ್ ಪ್ರವೇಶಿಸಿದ ವೇದಾ, 2020ರ ಮಾರ್ಚ್ 8ರ ಟಿ20 ವಿಶ್ವಕಪ್ ಫೈನಲ್ ನಂತರ ಭಾರತದ ಪರ ಆಡಲಿಲ್ಲ. ಆಗ ಅವರಿಗೆ 27 ವರ್ಷ. 2023ರ ಡಿಸೆಂಬರ್‌ನಲ್ಲಿ ನಡೆದ ಮಹಿಳಾ ಪ್ರೀಮಿಯರ್ ಲೀಗ್ ಹರಾಜಿನಲ್ಲಿ ಗುಜರಾತ್ ಜೈಂಟ್ಸ್ ಅವರನ್ನು 30 ಲಕ್ಷ ರೂಪಾಯಿಗೆ ಕೊಂಡಿತು. ಅದೇ ಹರಾಜಿನಲ್ಲಿ ಕರ್ನಾಟಕದ ಯುವ ಆಟಗಾರ್ತಿ ವೃಂದಾ ದಿನೇಶ್ ಅವರಿಗೆ ಯುಪಿ ವಾರಿಯರ್ಸ್ ಕೊಟ್ಟದ್ದು 1.3 ಕೋಟಿ. ಮಾರುಕಟ್ಟೆ ನಾಳಿನ ತಾರೆಗೆ ಬೆಲೆ ಕಟ್ಟುತ್ತದೆ, ನಿನ್ನೆಯ ಆಸರೆಗಲ್ಲ.

ಆದರೆ ಕಪ್ ಗೆಲ್ಲಿಸುವುದು ಇಬ್ಬರೂ ಸೇರಿ. 2025ರ ಫೈನಲ್‌ನಲ್ಲಿ ಶೆಫಾಲಿ ವರ್ಮಾ 87 ರನ್ ಹೊಡೆದರು, ದೀಪ್ತಿ ಶರ್ಮಾ ಅರ್ಧಶತಕದ ಜೊತೆ 5 ವಿಕೆಟ್ ಪಡೆದರು. ಅಮನ್‌ಜೋತ್ ಕೌರ್ ನೇರ ಎಸೆತದಿಂದ ಆರಂಭಿಕ ಜೋಡಿಯನ್ನು ಮುರಿದರು, ಶತಕ ಬಾರಿಸಿದ್ದ ಲಾರಾ ವೊಲ್ವಾರ್ಟ್ ಅವರ ಕ್ಯಾಚನ್ನು ಎರಡೆರಡು ಬಾರಿ ಕೈತಪ್ಪಿದರೂ ಬಿಡದೆ ಹಿಡಿದರು. ಆ ಎರಡು ಕ್ಷಣಗಳನ್ನು ತೆಗೆದುಹಾಕಿದರೆ ಪಂದ್ಯದ ಕಥೆ ಬೇರೆಯೇ ಆಗಬಹುದಿತ್ತು.

ಹಳ್ಳಿಯ ಅಂಗಳದ ವಿವೇಕ

ಮಲೆನಾಡಿನಲ್ಲಿ ವರ್ಷದ ನಾಲ್ಕು ತಿಂಗಳು ಮಳೆಯೇ ಮೈದಾನವನ್ನು ಆಳುತ್ತದೆ. ಉಳಿದ ತಿಂಗಳುಗಳಲ್ಲಿ ಅಭ್ಯಾಸಕ್ಕೆ ಸಿಗುವ ಹೊತ್ತು ಕಡಿಮೆ. ಇಂಥ ಊರುಗಳ ಹುಡುಗ ಹುಡುಗಿಯರು ರಾಜ್ಯ ತಂಡದ ಬಾಗಿಲು ತಟ್ಟಬೇಕಾದರೆ ಅದು ಹೆಚ್ಚಾಗಿ ಒಂದು ನಿಶ್ಚಿತ ಕೆಲಸದ ಬಲದಿಂದಲೇ: ಚುರುಕು ಫೀಲ್ಡಿಂಗ್, ಕೊನೆಯ ಓವರ್‌ಗಳ ಬೀಸಾಟ, ರನ್ ಬಿಟ್ಟುಕೊಡದ ಬೌಲಿಂಗ್. ಆಯ್ಕೆಗಾರರು ದೊಡ್ಡ ಶತಕಗಳನ್ನಷ್ಟೇ ಎಣಿಸಿದರೆ ಇಂಥವರು ಎಣಿಕೆಗೇ ಬರುವುದಿಲ್ಲ.

ಇದಕ್ಕೆ ಮಾದರಿಯನ್ನು ಹೊರಗೆ ಹುಡುಕಬೇಕಾಗಿಲ್ಲ. ನಮ್ಮ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳಲ್ಲಿ ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಎಂದು ಬೇರೆ ಬೇರೆ ಬಹುಮಾನ ಕೊಡುವ ಪದ್ಧತಿಯಿದೆ. ಒಬ್ಬೊಬ್ಬರ ಕೆಲಸವನ್ನು ಆಯಾ ಕೆಲಸದ ಅಳತೆಯಲ್ಲೇ ತೂಗುವ ವಿವೇಕ ಅದು. ಜಿಲ್ಲಾ, ವಲಯ ಮಟ್ಟದ ಆಯ್ಕೆಗಳಲ್ಲಿಯೂ ಇದೇ ವಿವೇಕ ಕೆಲಸ ಮಾಡಬೇಕು. ಆರನೆಯ ಕ್ರಮಾಂಕದವರನ್ನು ಮೂರನೆಯ ಕ್ರಮಾಂಕದ ಸರಾಸರಿಯಿಂದ ಅಳೆಯುವುದು ನಿಲ್ಲಬೇಕು.

ವೇದಾ ತಾರೆಯಾಗಿದ್ದರೇ? ಎದುರಾಳಿ ತಂಡಗಳು ತಮ್ಮ ತಂತ್ರವನ್ನು ಅವರ ಸುತ್ತ ಹೆಣೆಯಲಿಲ್ಲ ಎಂಬ ಅರ್ಥದಲ್ಲಿ, ಇಲ್ಲ. ಆದರೆ ಡರ್ಬಿಯ ಆ 45 ಚೆಂಡುಗಳಿಲ್ಲದೆ ಲಾರ್ಡ್ಸ್‌ನ ಫೈನಲ್ ದಕ್ಕುತ್ತಿತ್ತೆಂದು ಹೇಳುವುದು ಕಷ್ಟ. ಮುಂದಿನ ವಿಶ್ವಕಪ್ ತಂಡದಲ್ಲಿ ಕನ್ನಡಿಗರ ಹೆಸರು ಕಾಣಬೇಕಾದರೆ ರಾಜ್ಯವು ಇನ್ನೊಬ್ಬ ಮಿಥಾಲಿಗಾಗಿ ಕಾಯುತ್ತ ಕೂರುವುದಕ್ಕಿಂತ, ಕಡೂರು, ಕೊಪ್ಪದಂಥ ಊರುಗಳಲ್ಲಿರಬಹುದಾದ ಇನ್ನಷ್ಟು ವೇದಾರನ್ನು ಗುರುತಿಸುವುದು ಹತ್ತಿರದ ದಾರಿ.